ಹದಿನಾರು ಹುಣಸೇಬೀಜ

ಬಾಗೂರಿನಲ್ಲಿ ರಾತ್ರಿ ಮಲಗುವುದೆಂದರೆ ನಮ್ಮ ನಾಲ್ವರಿಗೂ ಆಗುತ್ತಿರಲಿಲ್ಲ. ಊರು ಕೆಟ್ಟದ್ದಲ್ಲ, ಕರೆದು ಮುದ್ದೆ ಇಕ್ಕುವ ಜನ. ಆದರೆ ಹಾಸನದಿಂದ ಸಂಜೆ ಹೊರಟ ಬಸ್ಸು ಚನ್ನರಾಯಪಟ್ಟಣ ದಾಟಿ ಬಾಗೂರು ಸೇರುವ ಹೊತ್ತಿಗೆ ಮನೆಗಳಲ್ಲಿ ದೀಪ ಹಚ್ಚಿರುತ್ತಿದ್ದರು. ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸು ಅಲ್ಲೇ ಇರಬೇಕು, ಬಸ್ಸಿನ ಜೊತೆಗೆ ಕಂಡಕ್ಟರೂ ಇರಬೇಕು. ಡ್ರೈವರ್ ಅದೇ ಊರಿನವನು, ಮನೆಗೆ ಹೋಗಿ ಬೆಚ್ಚಗೆ ಮಲಗುತ್ತಿದ್ದ. ನಾವು ಹಿಂದಿನ ಸೀಟಿನ ಮೇಲೆ ಟಿಕೆಟ್ ಚೀಲವನ್ನು ತಲೆಗಿಟ್ಟುಕೊಂಡು ಸೊಳ್ಳೆ ಹೊಡೆಯುತ್ತ ಬೆಳಗು ಮಾಡಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಏನೇ ಆದರೂ ಸುದ್ದಿ ಬರುವುದಿಲ್ಲ, ಬಂದರೂ ಹೋಗುವುದಕ್ಕೆ ದಾರಿಯಿಲ್ಲ. ಇದಕ್ಕೆ ನಾವು ಹಾಲ್ಟ್ ಎನ್ನುತ್ತಿದ್ದೆವು.

ನಯಾಪೈಸೆ ಹೊಸದಾಗಿ ಬಂದು, ಜನ ಇನ್ನೂ ಆಣೆಯ ಲೆಕ್ಕದಲ್ಲೇ ಚಿಲ್ಲರೆ ಕೇಳುತ್ತಿದ್ದ ಕಾಲ ಅದು. ನಮ್ಮದು ಖಾಸಗಿ ಬಸ್ಸಿನ ಕಂಪನಿ. ಹೊಳೆನರಸೀಪುರದ ಬಸ್ಸು, ಅರಕಲಗೂಡಿನ ಬಸ್ಸು ರಾತ್ರಿಗೆ ಹಾಸನಕ್ಕೆ ವಾಪಸ್ಸಾಗುತ್ತಿದ್ದವು. ಬಾಗೂರಿನದೊಂದೇ ಆಚೆ ಉಳಿಯುತ್ತಿದ್ದುದು. ನಾಲ್ಕು ಜನ ಕಂಡಕ್ಟರುಗಳಲ್ಲಿ ಯಾವ ರಾತ್ರಿ ಯಾರು ಅಲ್ಲಿ ಮಲಗಬೇಕೆಂಬುದನ್ನು ಕಂಪನಿಯ ಏಜೆಂಟರು ತಿಂಗಳ ಮೊದಲ ದಿನ ಬರೆದುಕೊಳ್ಳುತ್ತಿದ್ದರು. ಹೇಗೆ ಹಂಚಿಕೊಂಡಿರಿ ಎಂದು ಅವರು ಕೇಳುತ್ತಿರಲಿಲ್ಲ. ಬರೆದ ಮೇಲೆ ಬದಲಾಯಿಸಬೇಕೆಂದರೆ ಮಾತ್ರ, ಯಾಕೆ ಏನು ಎಂದು ಎಲ್ಲರ ಎದುರಿಗೇ ಬಿಡಿಸಿ ಬಿಡಿಸಿ ಕೇಳುತ್ತಿದ್ದರು.

ನಾವು ಹಂಚಿಕೊಳ್ಳುತ್ತಿದ್ದುದು ಇಸ್ಪೀಟಿನಲ್ಲಿ. ಹಾಸನದ ಬಸ್ಸಿನ ಷೆಡ್ಡಿನ ಹಿಂದೆ ಒಂದು ಹೊಂಗೆಮರ. ಅದರ ಕೆಳಗೆ ಟವಲು ಹಾಸಿ ಮೂರೆಲೆ ಆಟ. ಒಬ್ಬೊಬ್ಬರಿಗೂ ಮೂರು ಎಲೆ, ದೊಡ್ಡ ಎಲೆಯವನು ಗೆದ್ದ. ನಂಬಿಕೆಯಿಲ್ಲದವನು ಎಲೆ ಮಗುಚಿ ಇಟ್ಟು ಆ ಸಲದ ಆಟ ಬಿಡುತ್ತಾನೆ. ಕೊನೆಗೆ ಇಬ್ಬರು ಉಳಿದರೆ, ಎದುರಿನವನು ಕಟ್ಟಿದಷ್ಟನ್ನು ಕಟ್ಟಿದವನು ಷೋ ಕೇಳಬಹುದು, ಆಗ ಇಬ್ಬರೂ ಎಲೆ ತೋರಿಸಬೇಕು. ಕಾಸು ಕಟ್ಟುತ್ತಿರಲಿಲ್ಲ. ಹುಣಸೇಬೀಜ ಕಟ್ಟುತ್ತಿದ್ದೆವು. ತಿಂಗಳಿಗೆ ಸುಮಾರಾಗಿ ತಲೆಗೆ ಎಂಟು ಹಾಲ್ಟು, ಆದ್ದರಿಂದ ತಲೆಗೆ ಎಂಟು ಬೀಜ. ಒಂದು ಬೀಜ ಸೋತರೆ ಗೆದ್ದವನ ಒಂದು ಹಾಲ್ಟು ಸೋತವನ ತಲೆಗೆ. ಹದಿನಾರು ಬೀಜ ಕೂಡಿಸಿದವನು ತಿಂಗಳೆಲ್ಲ ಮನೆಯಲ್ಲಿ ಮಲಗಬಹುದು. ಬರಿಗೈಯಾದವನಿಗೆ ಹದಿನಾರು ರಾತ್ರಿ ಬಾಗೂರು. ಹದಿನಾರಕ್ಕಿಂತ ಮೇಲೆ ಬಂದ ಬೀಜ ಯಾವ ಉಪಯೋಗಕ್ಕೂ ಇಲ್ಲ. ಅದನ್ನು ಬೇಕಾದವರಿಗೆ ಕೊಡಬಹುದಿತ್ತು. ಆದರೆ ಕೇಳುವವನು ಯಾಕೆ ಬೇಕೆಂದು ಬಾಯಿಬಿಟ್ಟು ಹೇಳಬೇಕು, ಉಳಿದವರೂ ಒಪ್ಪಬೇಕು. ಅದು ನಮ್ಮ ಕಟ್ಟಳೆ.

ಆ ತಿಂಗಳು ಶಿವಯ್ಯನಿಗೆ ರಾತ್ರಿ ಮನೆಯಲ್ಲಿರಲೇಬೇಕಾಗಿತ್ತು. ಅವನೂ ನಾನೂ ಕೊರವಂಗಲದವರು, ಒಂದೇ ಬೀದಿ. ಅವನ ಹೆಂಡತಿ ಮಾದಮ್ಮನಿಗೆ ದಿನ ತುಂಬಿತ್ತು. ಮೊದಲ ಎರಡು ಕೂಸು ಕೈಗೆ ದಕ್ಕಿರಲಿಲ್ಲ. ಎರಡನೆಯದರ ಹೊತ್ತಿನಲ್ಲಿ ಅವನು ಲಾರಿ ಕ್ಲೀನರಾಗಿ ಅರಕಲಗೂಡಿನಲ್ಲಿ ಲೋಡಿಗೆ ಕಾಯುತ್ತ ಕೂತಿದ್ದ. ರಾತ್ರಿ ನೋವು ಎದ್ದಾಗ ಗಾಡಿ ಕಟ್ಟಿಸುವ ಗಂಡಸು ಮನೆಯಲ್ಲಿಲ್ಲ. ನಾವು ಬೀದಿಯವರು ಎದ್ದು ಗಾಡಿ ಹೊಂದಿಸಿ ಹಾಸನದ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಮುಗಿದುಹೋಗಿತ್ತು. ಈ ಸಲ ಸೂಲಗಿತ್ತಿ ಹೊನ್ನಕ್ಕ ಎರಡು ಮಾತು ಹೇಳಿದ್ದಳು. ನೋವು ಕಂಡ ಗಳಿಗೆಯಲ್ಲೇ ಗಾಡಿ ಹೊರಡಬೇಕು ಎಂಬುದು ಒಂದು. ಕೂಸು ಅತ್ತ ಸದ್ದು ಕೇಳುವ ತನಕ ಬಸುರಿನ ಸುದ್ದಿ ಗಂಡನ ಬಾಯಿಂದ ಹೊರಗೆ ಬೀಳಬಾರದು, ಎರಡು ಸಲ ದೃಷ್ಟಿ ತಾಗಿದ ಮನೆ ಎಂಬುದು ಇನ್ನೊಂದು.

ನನಗೆ ತಿಳಿದಿದ್ದುದು ನನ್ನ ಹೆಂಡತಿಯಿಂದ. ನಿನ್ನ ಹಾಲ್ಟೆಲ್ಲ ನಾನು ಮಾಡುತ್ತೇನೆ ಎಂದು ನಾನು ಶಿವಯ್ಯನಿಗೆ ಮೊದಲೇ ಹೇಳಿದ್ದೆ. ಅವನು ಬೇಡವೆಂದ. ಇಬ್ಬರೇ ಬದಲು ಮಾಡಿಕೊಂಡರೆ ಉಳಿದವರು ಕೇಳುತ್ತಾರೆ, ಏಜೆಂಟರು ಕೇಳುತ್ತಾರೆ, ನನಗೆ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ ಎಂದ. ಆಟದಲ್ಲಿ ಗೆದ್ದರೆ ಯಾರೂ ಏನೂ ಕೇಳುವುದಿಲ್ಲವಲ್ಲ ಎಂದ.

ಅದಕ್ಕೇ ಅವನು ತಿಂಗಳ ಮೊದಲನೆಯ ಆ ದಿನ ಟವಲಿನ ಮುಂದೆ ಕೂತಿದ್ದು. ಅವನ ಎದುರಿಗೆ ಗೌರೀಶಂಕರ, ಹೊಳೆನರಸೀಪುರದ ಕಡೆಯ ಹುಡುಗಾಟದ ಮನುಷ್ಯ. ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಜೊತೆ ಇದ್ದ. ಅವನಿಗೆ ರಾತ್ರಿ ಮನೆಯಲ್ಲಿ ಅಂಥ ಕೆಲಸವೇನೂ ಇರಲಿಲ್ಲ, ಆದರೆ ಸೋಲುವುದೆಂದರೆ ಅನ್ನ ಸೇರುತ್ತಿರಲಿಲ್ಲ. ಇನ್ನೊಂದು ಮಗ್ಗುಲಿಗೆ ನಮಗೆಲ್ಲ ಹಿರಿಯನಾದ ತಮ್ಮಯ್ಯ. ಶಿವಯ್ಯನ ಪಕ್ಕದಲ್ಲಿ ನಾನು.

ಶಿವಯ್ಯ ಐದಾರು ತಿಂಗಳಿಂದ ಗಡ್ಡ ತೆಗೆಸಿರಲಿಲ್ಲ. ತಲೆಗೂದಲು ಕಾಕಿ ಟೋಪಿಯ ಕೆಳಗಿನಿಂದ ಕತ್ತಿನವರೆಗೆ ಇಳಿದಿತ್ತು. ಹರಕೆಯೇ ಎಂದು ಯಾರೋ ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹರಕೆಯೆಂದೇ ಎಲ್ಲರೂ ತಿಳಿದಿದ್ದರು. ಗೌರೀಶಂಕರ ಎಲೆ ಕಲೆಸುವಾಗೆಲ್ಲ ಅದನ್ನೇ ಎತ್ತುತ್ತಿದ್ದ.

“ಏನ್ಲಾ ಶಿವಯ್ಯ, ಸಾಮಿ ಆಗೋಕೆ ಒಂಟಿದೀಯಾ? ಬಾಗೂರಲ್ಲಿ ಒಂದು ಮಠ ಕಟ್ಟಿಸ್ಕೊಡ್ತೀವಿ ಕಣ್ಲಾ, ಅಲ್ಲೇ ಇದ್ಬುಡು.”

ಶಿವಯ್ಯ ನಗುತ್ತಿದ್ದ. ಅವತ್ತು ನಗು ಗಡ್ಡದೊಳಗೇ ಉಳಿಯಿತು.

ಆಟ ಮೊದಮೊದಲು ಅತ್ತ ಇತ್ತ ಆಯಿತು. ನಾನು ಒಳ್ಳೆಯ ಎಲೆ ಬಂದರೂ ಶಿವಯ್ಯ ಕಟ್ಟಿದಾಗ ಮಗುಚಿ ಇಡುತ್ತಿದ್ದೆ, ಹೋದರೆ ಅವನಿಗೆ ಹೋಗಲಿ ಎಂದು. ಅವನಿಗೆ ಹೋಗಲಿಲ್ಲ. ನಾನು ಬಿಟ್ಟದ್ದು, ತಮ್ಮಯ್ಯ ಬಿಟ್ಟದ್ದು ಎಲ್ಲ ಗೌರೀಶಂಕರನ ಮುಂದೆ ಗುಡ್ಡೆಯಾಯಿತು. ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು. ಬಾಗೂರಿನ ಬಸ್ಸು ಷೆಡ್ಡಿನ ಬಾಗಿಲಿಗೆ ಬಂದು ನಿಂತಿತ್ತು, ಜನ ಹತ್ತುತ್ತಿದ್ದರು. ಇವತ್ತಿನ ಹಾಲ್ಟ್ ಯಾರದೆಂದು ನಮ್ಮ ಟವಲಿನ ಮೇಲೆ ತೀರ್ಮಾನವಾಗದೆ ಬಸ್ಸು ಹೊರಡುವಂತಿರಲಿಲ್ಲ. ಇದೇ ಕೊನೆಯ ಎಲೆ ಎಂದು ತಮ್ಮಯ್ಯ ಹಂಚಿದ.

ಆಗ ಗೌರೀಶಂಕರನ ಹತ್ತಿರ ಹದಿನೇಳು, ಶಿವಯ್ಯನ ಹತ್ತಿರ ಒಂಬತ್ತು. ನನ್ನದು ನಾಲ್ಕು, ತಮ್ಮಯ್ಯನದು ಎರಡು. ತಲೆಗೊಂದರಂತೆ ನಡುವಿಗೆ ಹಾಕಿದೆವು. ಶಿವಯ್ಯ ತನ್ನ ಎಲೆಗಳನ್ನು ತುದಿ ಎತ್ತಿ ನೋಡಿದ. ಪಕ್ಕದಲ್ಲಿದ್ದ ನನಗೂ ಕಂಡಿತು. ಎರಡು ಗುಲಾಮ, ಒಂದು ಏಳು. ಮೂರೆಲೆಯಲ್ಲಿ ಜೋಡಿ ಬರುವುದೇ ಅಪರೂಪ, ಅದರಲ್ಲೂ ಗುಲಾಮನ ಜೋಡಿ. ಎರಡು ಬೀಜ ಮುಂದಿಟ್ಟ. ನಾನು ಮಗುಚಿದೆ, ತಮ್ಮಯ್ಯನೂ ಮಗುಚಿದ.

ಗೌರೀಶಂಕರ ತನ್ನ ಎಲೆ ನೋಡಿದ. ಆಮೇಲೆ ಎಲೆ ಬಿಟ್ಟು ಶಿವಯ್ಯನ ಮುಂದಿದ್ದ ಬೀಜಗಳನ್ನು ನೋಡಿದ. ಆರು ಉಳಿದಿದ್ದವು. ತನ್ನ ಗುಡ್ಡೆಯಿಂದ ಒಂದೊಂದೇ ಎಣಿಸಿ ಆರು ಬೀಜ ನಡುವಿಗೆ ತಳ್ಳಿದ. ಎದುರಿನವನ ಮುಂದಿರುವುದಕ್ಕಿಂತ ಹೆಚ್ಚು ಕಟ್ಟುವಂತಿಲ್ಲವೆಂಬುದು ಕಟ್ಟಳೆ. ಅವನು ಕಟ್ಟಿದ್ದು ಸರಿಯಾಗಿ ಅಷ್ಟೇ.

ಈಗ ಶಿವಯ್ಯ ಎಲೆ ಮಗುಚಿದರೆ ಆರು ಬೀಜ ಉಳಿಯುತ್ತದೆ, ಅಂದರೆ ಹತ್ತು ರಾತ್ರಿ ಬಾಗೂರು. ಆರನ್ನೂ ಕಟ್ಟಿ ಷೋ ಕೇಳಿ ಗೆದ್ದರೆ ನಡುವಿನ ಗುಡ್ಡೆಯೆಲ್ಲ ಸೇರಿ ಹದಿನೆಂಟು, ತಿಂಗಳೆಲ್ಲ ಮನೆ. ಸೋತರೆ ಹದಿನಾರು ರಾತ್ರಿ.

ಅವನು ಲೆಕ್ಕ ಹಾಕುವ ರೀತಿ ನನಗೆ ಗೊತ್ತಿತ್ತು. ಅವನಪ್ಪ ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡಿದವನು, ಇವನಿಗೆ ಎಲ್ಲವೂ ಪಾಲಿನ ಲೆಕ್ಕ. ಖಾಲಿ ಬಸ್ಸಿನಲ್ಲಿ ಬರುವಾಗ ನನಗೂ ಹೇಳಿಕೊಟ್ಟಿದ್ದ. ಕಟ್ಟಿದ ಮೇಲೆ ಗುಡ್ಡೆ ಒಟ್ಟು ಎಷ್ಟು ಪಾಲಾಗುತ್ತದೆ ನೋಡಬೇಕು. ಅದರಲ್ಲಿ ನನ್ನ ಬಿತ್ತನೆ ಎಷ್ಟು ಪಾಲು ನೋಡಬೇಕು. ಇಲ್ಲಿ ಹದಿನೆಂಟಕ್ಕೆ ಆರು, ಮೂರು ಪಾಲಿನಲ್ಲಿ ಒಂದು. ಮೂರು ಬಿತ್ತನೆಗೆ ಒಂದು ಬೆಳೆ ಕೈಗೆ ಬರುವ ಹೊಲವಾದರೂ ನಷ್ಟವಿಲ್ಲ. ಗೌರೀಶಂಕರ ಹೀಗೆ ಕಟ್ಟಿದ ಮೂರು ಸಲದಲ್ಲಿ ಒಂದು ಸಲವಾದರೂ ಅವನ ಕೈಯಲ್ಲಿ ಏನೂ ಇರುವುದಿಲ್ಲವೆಂದಾದರೆ ಕಟ್ಟಬೇಕು.

ಅಲ್ಲಿಯವರೆಗೆ ಸುಲಭ. ಶಿವಯ್ಯ ಬೆರಳಿನಿಂದ ಒಂದು ಬೀಜವನ್ನು ಮುಂದೆ ತಳ್ಳಿ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಕಣಜದಲ್ಲಿ ಆ ಒಂದೇ ಪಾಲು ಇರುವವನ ಕಷ್ಟ ಬೇರೆ. ಬೆಳೆ ಬರುವ ವರ್ಷ ಮೂರನೆಯದಾದರೆ, ಮೊದಲನೆಯದರಲ್ಲೇ ಬೀಜ ತೀರಿಹೋಯಿತಲ್ಲ. ಮುಂದಿನ ತಿಂಗಳು ಮತ್ತೆ ಎಂಟು ಬೀಜ ಸಿಗುತ್ತದೆ, ನಿಜ. ಮಾದಮ್ಮನ ನೋವು ಮುಂದಿನ ತಿಂಗಳಿಗೆ ಕಾಯುವುದಿಲ್ಲ.

ಅವನು ಗೌರೀಶಂಕರನ ಗುಡ್ಡೆ ನೋಡಿದ. ನಾನೂ ನೋಡಿದೆ. ನಡುವಿಗೆ ಒಂದು ಹಾಕಿದ ಮೇಲೂ ಅವನ ಮುಂದೆ ಹದಿನಾರು ಇತ್ತು, ತಿಂಗಳು ಪೂರ್ತಿ ಬಿಡುವು ಆಗಲೇ ಕೈಯಲ್ಲಿತ್ತು. ಎಲೆ ಮಗುಚಿ ಎದ್ದು ಹೋಗಬಹುದಾಗಿತ್ತು. ಹೋಗದೆ ಆರನ್ನು ಯಾಕೆ ಎಸೆದ? ಗೆದ್ದರೂ ಅವನಿಗೆ ಆ ಬೀಜಗಳಿಂದ ಪ್ರಯೋಜನವಿಲ್ಲ. ಸೋತರೆ ಮಾತ್ರ ಆರು ಹಾಲ್ಟು. ಹಾಗೆ ಎಸೆಯುವವನ ಕೈಯಲ್ಲಿ ಖಂಡಿತ ಎಲೆ ಇದೆ ಎಂದು ಒಂದು ಮನಸ್ಸು ಹೇಳುತ್ತದೆ. ಎಲೆ ಇರುವವನು ಎರಡೋ ಮೂರೋ ಕಟ್ಟಿ ಆಸೆ ತೋರಿಸುತ್ತಾನೆ, ಪೂರ್ತಿ ಕಟ್ಟುವವನು ಎದುರಿನವನು ಹೆದರಿ ಓಡಲಿ ಎಂದೇ ಕಟ್ಟುತ್ತಾನೆ ಎಂದು ಇನ್ನೊಂದು ಮನಸ್ಸು. ಗೌರೀಶಂಕರ ಎರಡೂ ಮಾಡುವವನು. ಹೋದ ತಿಂಗಳು ಬರೀ ಒಂಬತ್ತರ ಎಲೆ ಹಿಡಿದು ತಮ್ಮಯ್ಯನನ್ನು ಓಡಿಸಿದ್ದ, ಆಮೇಲೆ ಎಲೆ ತೋರಿಸಿ ಇಡೀ ಷೆಡ್ಡಿಗೆ ಹೇಳಿಕೊಂಡು ನಕ್ಕಿದ್ದ.

ಬಸ್ಸಿನ ಹಾರನ್ ಆಯಿತು. ಯಾರೋ ಹೆಂಗಸು ಕಿಟಕಿಯಿಂದ ಹೊತ್ತಾಯಿತೆಂದು ಬೈದಳು. ಗೌರೀಶಂಕರ ಬೀಡಿ ಹಚ್ಚಿಕೊಂಡು, ಮಠಕ್ಕೆ ಹೊರಡುವ ಸ್ವಾಮಿಗಳಿಗೆ ಇಷ್ಟು ಯೋಚನೆಯೇ ಎಂದ. ಶಿವಯ್ಯನ ಹಣೆಯಿಂದ ಬೆವರು ಗಡ್ಡಕ್ಕೆ ಇಳಿಯುತ್ತಿತ್ತು. ನನಗೆ ನಾಲಿಗೆಯ ತುದಿಗೆ ಬಂದಿತ್ತು, ಹೇಳಿಬಿಡೋಣ ಎಂದು. ಆದರೆ ಅದು ನನ್ನ ಮನೆಯ ಸುದ್ದಿಯಲ್ಲ. ನಾನು ಹೇಳಿ, ಆಮೇಲೆ ಏನಾದರೂ ಆದರೆ, ಆ ಬೀದಿಯಲ್ಲಿ ನಾನು ತಲೆಯೆತ್ತುವುದು ಹೇಗೆ?

ಹತ್ತು ರಾತ್ರಿಯೂ ಅವನಿಗೆ ಆಗುವಂಥದ್ದಲ್ಲ, ಹದಿನಾರೂ ಆಗುವಂಥದ್ದಲ್ಲ. ಅದೇ ಅವನನ್ನು ಕಟ್ಟಿಸಿತೆಂದು ಕಾಣುತ್ತದೆ. ಆರು ಬೀಜವನ್ನೂ ಅಂಗೈಯಿಂದ ಒಟ್ಟಿಗೆ ತಳ್ಳಿ ಷೋ ಎಂದ. ಎರಡು ಗುಲಾಮ ಬಿಚ್ಚಿಟ್ಟ.

ಗೌರೀಶಂಕರ ಹೊಗೆ ಬಿಟ್ಟು ಒಂದೊಂದೇ ಎಲೆ ಇಟ್ಟ. ಮೊದಲು ಒಂದು ಮೂರು. ಆಮೇಲೆ ಒಂದು ರಾಣಿ. ಆಮೇಲೆ ಇನ್ನೊಂದು ರಾಣಿ.

ಲೆಕ್ಕ ತಪ್ಪಿರಲಿಲ್ಲ. ಇವತ್ತಿಗೂ ನಾನು ಅದನ್ನು ತಪ್ಪೆನ್ನುವುದಿಲ್ಲ. ಎಲೆ ಹಾಗೆ ಬಂತು, ಅಷ್ಟೇ.

ಬೀಜವೆಲ್ಲ ಗೌರೀಶಂಕರನ ಕಡೆಗೆ ಹೋಯಿತು. ಇಪ್ಪತ್ತೆಂಟು. ಶಿವಯ್ಯನ ಮುಂದೆ ಟವಲಿನ ಬಟ್ಟೆ ಮಾತ್ರ ಕಾಣುತ್ತಿತ್ತು. ಗೌರೀಶಂಕರ ಹೆಚ್ಚಿನ ಬೀಜಗಳನ್ನು ಬೇರೆ ಮಾಡಿ ಅಂಗೈಯಲ್ಲಿ ಕುಲುಕಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಆಟದ ಗುಂಗಿನಲ್ಲಿದ್ದ.

“ಅನ್ನೆರಡು ಮೇಲಾಯ್ತಲ್ಲ, ನಂಗ್ಯಾಕೆ? ಬೇಕೇನ್ಲಾ ಶಿವಯ್ಯ? ಯಾಕ್ ಬೇಕು ಅಂತ ಒಂದ್ ಮಾತು ಏಳು, ತಕೋ.”

ಹನ್ನೆರಡು ಬೀಜವೆಂದರೆ ಹನ್ನೆರಡು ರಾತ್ರಿ. ಕೈಚಾಚುವ ದೂರದಲ್ಲಿತ್ತು. ಶಿವಯ್ಯ ಬಾಯಿ ತೆರೆದ. ಹೇಳಿಯೇ ಬಿಡುತ್ತಾನೆ ಎಂದುಕೊಂಡೆ. ಅವನ ಕಣ್ಣು ಟವಲಿನ ಮೇಲೆ ನಿಂತಿತ್ತು, ನೋಡುತ್ತಿದ್ದುದು ಮಾತ್ರ ಟವಲನ್ನಲ್ಲ.

“ಏನೂ ಇಲ್ಲ ಬುಡಣ್ಣ,” ಎಂದ. ಟಿಕೆಟ್ ಚೀಲ ಹೆಗಲಿಗೇರಿಸಿಕೊಂಡು ಮಂಡಿಯೂರಿ ಏಳತೊಡಗಿದ.

ಇಷ್ಟು ಹೊತ್ತೂ ತಮ್ಮಯ್ಯ ತನ್ನ ಸೋಲಿನ ಚಿಂತೆಯಲ್ಲೇ ಇದ್ದವನು. ಈಗ ಶಿವಯ್ಯನ ಮುಖವನ್ನೇ ನೋಡುತ್ತಿದ್ದ. ಅವನನ್ನು ತೋಳು ಹಿಡಿದು ಕೂರಿಸಿದ. ಆದರೆ ಮಾತಾಡಿದ್ದು ಗೌರೀಶಂಕರನ ಜೊತೆ.

“ಶಂಕ್ರಾ, ಅರಕೆ ಒತ್ತಿರೋನು ಬಾಡು ತಿಂತಾನೇನ್ಲಾ?”

“ಎಲ್ಲಾರಾ ಉಂಟೇನಣ್ಣ.”

“ಮೊನ್ನೆ ಚನ್ರಾಯಪಟ್ಣದ ಓಟ್ಲಲ್ಲಿ ಇವ್ನು ನಿನ್ ಮಗ್ಗುಲಲ್ಲೇ ಕೂತು ತಿಂದ್ನಲ್ಲ. ಅಂಗಾರೆ ಈ ಗಡ್ಡ ಯಾವ್ ದೇವ್ರುದು?”

ಗೌರೀಶಂಕರ ನಗುವುದಕ್ಕೆ ಹೊರಟ. ಆಮೇಲೆ ಶಿವಯ್ಯನ ಗಡ್ಡ ನೋಡಿದ, ಟೋಪಿಯ ಕೆಳಗಿನ ಕೂದಲು ನೋಡಿದ. ಹೆಂಡತಿ ಬಸುರಿಯಿದ್ದಾಗ ಗಂಡ ತಲೆಗೆ ಕತ್ತಿ ತಾಗಿಸುವುದಿಲ್ಲವೆಂಬುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅವನ ಅಣ್ಣನೇ ಹಿಂದಿನ ವರ್ಷ ಹಾಗೆ ಓಡಾಡಿದ್ದ. ತಿಂಗಳುಗಟ್ಟಲೆ ಆ ಗಡ್ಡವನ್ನೇ ಆಡಿಕೊಂಡವನು ಗೌರೀಶಂಕರ. ಬೀಡಿ ಬೆರಳಿನಲ್ಲೇ ಸುಡುತ್ತ ಬಂತು. ಏನೋ ಕೇಳುವುದಕ್ಕೆ ಬಾಯಿ ತೆರೆದ. ತಮ್ಮಯ್ಯ ಕಣ್ಣಿನಲ್ಲೇ ಬೇಡವೆಂದ.

ಹಾರನ್ ಮತ್ತೆ ಆಯಿತು. ಗೌರೀಶಂಕರ ಬೀಡಿ ನೆಲಕ್ಕೊರಸಿ, ಇನ್ನೊಂದು ಸಲ ಎಲೆ ಹಾಕಣ್ಣ ಎಂದ. ಕೊನೆಯ ಎಲೆ ಆಗಿಹೋಯಿತಲ್ಲ ಎಂದು ಶಿವಯ್ಯ ಹೇಳುವಷ್ಟರಲ್ಲಿ ತಮ್ಮಯ್ಯ ಹಂಚಿಬಿಟ್ಟಿದ್ದ. ನನ್ನ ಹತ್ತಿರ ಬೀಜವಿಲ್ಲ ಎಂದ ಶಿವಯ್ಯ. ನಾನು ನನ್ನ ಮೂರರಲ್ಲಿ ಒಂದನ್ನು ಅವನ ಮಂಡಿಯ ಹತ್ತಿರ ಸರಿಸಿ, ಇಲ್ಲೊಂದು ಬಿದ್ದಿದೆ ನೋಡು, ನಿನ್ನದೇ ಇರಬೇಕು ಎಂದೆ.

ನಾಲ್ವರೂ ಒಂದೊಂದು ಹಾಕಿದೆವು. ಶಿವಯ್ಯನದು ಅಲ್ಲಿಗೆ ತೀರಿತು. ಗೌರೀಶಂಕರ ತನ್ನ ಎಲೆಗಳನ್ನು ಮುಟ್ಟಲೇ ಇಲ್ಲ. ತನಗೆ ಹದಿನಾರು ಇಟ್ಟುಕೊಂಡು ಉಳಿದ ಹನ್ನೊಂದನ್ನು ಬೊಗಸೆಯಲ್ಲಿ ತಂದು ನಡುವಿಗೆ ಸುರಿದ. ಕಟ್ಟಳೆ ಅವತ್ತಿಗೆ ಬದಿಗೆ ಸರಿಯಿತು. ನಾನು ಮಗುಚಿದೆ. ತಮ್ಮಯ್ಯ ಮಗುಚಿದ. ಶಿವಯ್ಯ, ಕಟ್ಟುವುದಕ್ಕೆ ನನ್ನಲ್ಲಿ ಏನೂ ಇಲ್ಲ ಎಂದ.

“ನಂಗೂ ಎಲೆ ಸರಿ ಬಂದಿಲ್ಲ,” ಎಂದು ಗೌರೀಶಂಕರ ತಾನು ನೋಡದೇ ಇದ್ದ ಮೂರು ಎಲೆಗಳನ್ನು ಹಾಗೆಯೇ ಮಗುಚಿದಂತೆ ಆಚೆ ಇಟ್ಟ.

ತಮ್ಮಯ್ಯನಿಗೆ ಕುತೂಹಲ. ಬೆರಳು ಚಾಚಿ ಒಂದು ತುದಿ ಎತ್ತಲು ಹೋದ. ಗೌರೀಶಂಕರ ಅಂಗೈ ಮುಚ್ಚಿ ಕೂತ. ಆಮೇಲೆ ಎಲೆ ಕೂಡಿಸಿದವನು ನಾನೇ. ನಾನೂ ನೋಡಲಿಲ್ಲ, ಕಟ್ಟಿನೊಳಗೆ ಕಲೆಸಿಬಿಟ್ಟೆ.

ಎಲ್ಲರೂ ಬಿಟ್ಟ ಮೇಲೆ ಗುಡ್ಡೆ ಉಳಿದವನದು. ಶಿವಯ್ಯ ಒಂದು ಗಳಿಗೆ ನಮ್ಮ ಮೂವರ ಮುಖವನ್ನೂ ನೋಡಿದ. ಅವನಿಗೆ ಗೊತ್ತಾಯಿತು. ಆದರೆ ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ, ಸುದ್ದಿ ಅವನ ಬಾಯಿಂದ ಬಿದ್ದಿರಲಿಲ್ಲ. ಬೀಜ ಗೋರಿಕೊಂಡು ಎಣಿಸಿದ. ಹದಿನೈದು. ಒಂದು ಕಡಿಮೆ. ನನ್ನ ಹತ್ತಿರ ಉಳಿದಿದ್ದ ಒಂದನ್ನೂ ತಳ್ಳಲು ಹೋದೆ, ಕೈ ಅಡ್ಡ ಹಿಡಿದ. ಒಂದು ಹಾಲ್ಟು ನನ್ನದೂ ಇರಲಿ, ಅದು ಇವತ್ತಿನದೇ ಆಗಲಿ ಎಂದ. ಇನ್ನು ಮೂರು ದಿನಕ್ಕೆ ಬರುವ ಹುಣ್ಣಿಮೆ ಕಳೆಯದೆ ನೋವು ಬರುವುದಿಲ್ಲವೆಂದು ಹೊನ್ನಕ್ಕ ಅಂದಿದ್ದಳು. ತಿಂಗಳಿನಲ್ಲಿ ಎಲ್ಲಕ್ಕಿಂತ ಭಯ ಕಡಿಮೆಯಿರುವ ರಾತ್ರಿ ಈ ಮೊದಲನೆಯದೇ ಎಂದು ಅವನು ಆಗಲೇ ತೂಗಿದ್ದ. ಓಡಿಹೋಗಿ ಬಸ್ಸು ಹತ್ತಿ ರೈಟ್ ಎಂದ.

ನಾನು ಸಂಜೆ ಊರಿಗೆ ಹೋಗಿ ನನ್ನ ಎತ್ತುಗಳನ್ನು ಅವನ ಬಾಗಿಲ ಮುಂದೆ ಕಟ್ಟಿ, ಗಾಡಿಯ ಮೂಕಿ ರಸ್ತೆಯ ಕಡೆಗೆ ತಿರುಗಿಸಿ ಇಟ್ಟೆ. ಆ ರಾತ್ರಿ ಏನೂ ಆಗಲಿಲ್ಲ. ಬೆಳಿಗ್ಗೆ ಹಾಸನದಲ್ಲಿ ಬಸ್ಸಿಳಿದ ಶಿವಯ್ಯ ಮೊದಲು ನನ್ನ ಮುಖವನ್ನು ಓದಿದ, ಆಮೇಲೆ ಉಸಿರು ಬಿಟ್ಟ.

ಅಲ್ಲಿಂದ ಮುಂದೆ ಬಾಗೂರಿನಲ್ಲಿ ಮಲಗಿದವರು ನಾನೂ ತಮ್ಮಯ್ಯನೂ, ಸರದಿಯ ಮೇಲೆ. ಹುಣ್ಣಿಮೆ ಕಳೆಯಿತು. ಒಂದು ಬೆಳಿಗ್ಗೆ ನಾನು ಬಾಗೂರಿನಿಂದ ಬಂದು ಇಳಿದಾಗ ಶಿವಯ್ಯ ಕೆಲಸಕ್ಕೆ ಬಂದಿರಲಿಲ್ಲ. ರಾತ್ರಿ ಗಾಡಿ ಹೋಯಿತು ಎಂದಷ್ಟೇ ಯಾರೋ ಹೇಳಿದರು. ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಗೌರೀಶಂಕರ ಅವನ ಬಸ್ಸಿಗೂ ತಾನೇ ಹೋದ, ಏಜೆಂಟರು ಕೇಳಿದ್ದಕ್ಕೆ ಶಿವಯ್ಯನಿಗೆ ಹೊಟ್ಟೆನೋವು ಎಂದ. ಸುಳ್ಳು ಅವನಿಗೆ ಸಲೀಸಾಗಿ ಬರುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ನಾವು ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚುವಾಗ ಶಿವಯ್ಯ ಬಂದ. ಗಡ್ಡ ಇರಲಿಲ್ಲ, ತಲೆ ನುಣ್ಣಗಿತ್ತು. ನಾನು ಬುತ್ತಿ ಕೆಳಗಿಟ್ಟೆ. ಕತ್ತಿ ಒಳ್ಳೆಯದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ. ಎರಡನೆಯ ಕೂಸಿನ ಮಾರನೆಯ ದಿನವೂ ಅವನು ಹೀಗೇ ನುಣ್ಣಗೆ ನಮ್ಮ ಬೀದಿಯಲ್ಲಿ ನಡೆದುಬಂದದ್ದನ್ನು ನಾನು ನೋಡಿದ್ದೆ. ಅವನ ಮುಖದಿಂದ ಏನೂ ತಿಳಿಯಲಿಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಗೌರೀಶಂಕರ ತಮಾಷೆಯ ಮಾತೊಂದನ್ನು ಶುರುಮಾಡಿ ಅರ್ಧಕ್ಕೇ ನುಂಗಿಕೊಂಡ.

ಶಿವಯ್ಯ ಟವಲಿನ ಮುಂದೆ ಕೂತು, ಟಿಕೆಟ್ ಚೀಲದೊಳಗೆ ಕೈಹಾಕಿ ಕಾಗದದ ಪೊಟ್ಟಣ ತೆಗೆದ. ಬಿಚ್ಚಿ ನಡುವೆ ಇಟ್ಟ. ಕಲ್ಲುಸಕ್ಕರೆ.

ತಮ್ಮಯ್ಯ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

“ಅಳ್ತದಾ?” ಎಂದ.

“ಅಳ್ತದೆ ಕಣಣ್ಣ,” ಎಂದ ಶಿವಯ್ಯ. “ಬೆಳಗಾನ ಯಾರ್‍ನೂವೆ ಮಲಗಾಕ್ ಬುಡ್ನಿಲ್ಲ.”

ಗೌರೀಶಂಕರ ಒಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಅದನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದ.

“ಅಂಗಾರೆ ಮುಂದಿನ್ ತಿಂಗಳು ಬಾಗೂರಿಗೆ ನೀನೇ ಓಗ್ಲಾ,” ಎಂದ. “ಅಲ್ಲಾರ ಒಸಿ ನಿದ್ದೆ ಮಾಡ್ಬೋದು.”